ಖಾಲಿ ಚೀಟಿ

ಎರಡು ವರ್ಷದ ಹಿಂದೆ ಇದೇ ಮಾವಿನ ನೆರಳಲ್ಲಿ
ಎನೆಲೆಸಿ ಅಜ್ಜಿಯ ಮಸಿ ಹಿಡಿದ ಗಂಜಿ ಪಾತ್ರೆಗೆ
ನಲವತ್ತು ಚೀಟಿ ಹಾಕಿ ಕುಲುಕಿದ್ದೆವು.
ಇಪ್ಪತ್ತಕ್ಕೆ ನೀಲಿ ಚುಕ್ಕೆ,
ಇಪ್ಪತ್ತು ಖಾಲಿ.

ಚಿಲ್ವಾ ಸರೋವರದ ಸುತ್ತಣ ನಲವತ್ತು ಊರಿನ ಮುಖಂಡರು
ಚಾಪೆಯ ಮೇಲೆ ಕೂತು ಕೆಮ್ಮುತ್ತಿದ್ದರು.
ಎತ್ತಿದವಳು ಅಜ್ಜಿಯ ಮೊಮ್ಮಗಳು ಚಿಸೋಮೋ,
ಆರು ವರ್ಷ, ಮುಂದಿನ ಹಲ್ಲು ಬಿದ್ದಿತ್ತು.
ಮಗುವಿನ ಕೈಗೆ ಮೋಸ ಗೊತ್ತಿಲ್ಲ ಎಂದು ಎಲ್ಲರೂ ಒಪ್ಪಿದ್ದರು.
ತನ್ನ ಊರಿನ ಹೆಸರು ಕೂಗಿದಾಗ
ನಗುತ್ತ, ಮೊಣಕೈಯವರೆಗೂ ಇಳಿಬಿಟ್ಟಳು.
ಖಾಲಿ ಬಂತು.

ನೀಲಿ ಊರುಗಳ ಬೋರ್‌ವೆಲ್ ಪಕ್ಕ ಕಂಬ ನೆಟ್ಟು
ಕ್ಲೋರಿನ್ ಡಬ್ಬಿ ತೂಗುಹಾಕಿದೆವು,
ಕೊಡಕ್ಕೊಂದು ತಿರುವು.
ಖಾಲಿ ಊರುಗಳಿಗೆ ನಾನೊಬ್ಬಳೇ, ಸೈಕಲ್ಲು, ಒಂದು ಪುಸ್ತಕ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ನಾನಂತೂ ನೀರಿನ ಸುದ್ದಿ ಕೇಳಲೆಂದೇ ಬಂದವಳು.
ಹದಿನೈದು ದಿನಕ್ಕೊಮ್ಮೆ ಅದೇ ಪ್ರಶ್ನೆ:
ಮಗುವಿಗೆ ಭೇದಿ? ದಿನಕ್ಕೆ ಎಷ್ಟು ಸಲ?
ರಕ್ತ ಇತ್ತೇ?
ಮತೆಂಬಾ ಮೀನು ಒಣಹಾಕುತ್ತ ಅವರು ಬೆರಳೆತ್ತಿ ತೋರಿಸುತ್ತಿದ್ದರು,
ಕೈ ತುಂಬ ಹುರುಪೆ.

ಇವತ್ತು ಉತ್ತರ ಹೊತ್ತು ತಂದಿದ್ದೇನೆ.
ಶೇಕಡಾ ಎಂದರೆ ಇಲ್ಲಿ ಯಾರಿಗೂ ರುಚಿಸದು,
ಅದಕ್ಕೇ ಶೇಂಗಾ ತಂದೆ.
ನೂರು ಮಕ್ಕಳಲ್ಲಿ, ನೀಲಿ ಊರಲ್ಲಿ, ಎಂಟು.
ಖಾಲಿ ಊರಲ್ಲಿ ಹದಿನಾಲ್ಕು.
ಎರಡು ಗುಪ್ಪೆ ಮಾಡಿ ತಲೆಯೆತ್ತುವಷ್ಟರಲ್ಲಿ
ಒಬ್ಬ ಹುಡುಗ ದೊಡ್ಡ ಗುಪ್ಪೆಯಿಂದ ಎರಡು ಕಾಳು ತಿಂದಿದ್ದ.
ಪುರಾವೆ ಅಷ್ಟಕ್ಕೇ ತೆಳ್ಳಗಾಯಿತು.
ನಕ್ಕರು. ನಾನೂ ನಕ್ಕೆ.

ಫಾಲೆಸಿ ನಗಲಿಲ್ಲ.
'ಆ ಹದಿನಾಲ್ಕರಲ್ಲಿ ನನ್ನವನು ಇದ್ದಾನಾ?'

ಪುಸ್ತಕದಲ್ಲಿ ಹೆಸರಿಲ್ಲ. ಮನೆ ಹದಿನೇಳು, ಮಗು ಎರಡು.
ಕೊನೆಯ ಸಲ ನಾನು ಗೀಚಿದ ಅಡ್ಡಗೆರೆ ನನಗೆ ನೆನಪಿದೆ,
ಪೆನ್ನು ಬರೆಯದೆ ಎರಡು ಸಲ ಎಳೆದದ್ದೂ.
ಇದ್ದಾನೆ, ಎಂದೆ.
ಆಗ ನಮಗೆ ಗೊತ್ತಿರಲಿಲ್ಲ, ಎಂದೂ ಹೇಳಿದೆ.
ಅದು ನಿಜ. ಹೇಳಿ ಮುಗಿಸಿದ ಮೇಲೆ
ಬಾಯಲ್ಲಿ ಮರಳು ಉಳಿದ ಹಾಗಾಯಿತು.

'ಇಲ್ಲದ್ದನ್ನೂ ಎಣಿಸಿದಿರಿ,' ಎಂದಳು ಎನೆಲೆಸಿ,
ನನಗೋ ಮರಕ್ಕೋ ಗೊತ್ತಾಗದಂತೆ.
'ನಾನು ಹೂತದ್ದು ಮೂರು. ಅವನ್ನು ಯಾರೂ ಬರೆದುಕೊಳ್ಳಲಿಲ್ಲ.'

ಜಿಲ್ಲಾ ಕಚೇರಿಯ ಕಥೆ ಹೇಳಿದೆ.
ಫೈಲಿನಂಚಲ್ಲಿ ಕಿವಿ ಕೆರೆಯುತ್ತ ಅಧಿಕಾರಿ ಕೇಳಿದ್ದರು:
ಇದು ಯಾವ ದೇಶದ ನೀರು? ಯಾರ ಮಕ್ಕಳು?
ಇದೇ ನೀರು ಸಾರ್, ಇವರೇ ಮಕ್ಕಳು.
ಆಮೇಲೆ ಅವರು ಮಾತಾಡಲಿಲ್ಲ, ಸಹಿ ಹಾಕಿದರು.
ಹನ್ನೆರಡು ಡಬ್ಬಿಗೆ.
ಬೇಕಿದ್ದದ್ದು ಇಪ್ಪತ್ತು. ಉಳಿದ ಎಂಟು ಮುಂದಿನ ಜುಲೈಗೆ,
ಬಜೆಟ್ ಬಂದರೆ.

ಮುಖಂಡ ಗಂಟಲು ಸರಿಮಾಡಿಕೊಂಡ:
'ಪಾತ್ರೆ ತನ್ನಿ. ಚೀಟಿ ಬರೆಯಿರಿ.'
ಚಿಸೋಮೋ ಆಗಲೇ ತೋಳು ಮಡಚಿ ನಿಂತಿದ್ದಳು,
ಎಂಟು ವರ್ಷ, ಹಲ್ಲು ಬಂದಿದೆ.

ಅಜ್ಜಿ ಪಾತ್ರೆ ಕೊಡಲಿಲ್ಲ.
'ಗೊತ್ತಿಲ್ಲದಾಗ ಎತ್ತಿದ್ದು ಚೀಟಿ.
ಗೊತ್ತಾದ ಮೇಲೆ ಎತ್ತಿದರೆ ಜೂಜು.
ಪುಸ್ತಕ ತೆಗಿ ಮಗಳೇ. ಎಲ್ಲಿ ಹೆಚ್ಚು ಕಾಳು ಬಿತ್ತೋ
ಅಲ್ಲಿಂದ ಓದು.'

ಓದಿದೆ.
ಒಂದನೆಯದು ಕೆಸರಿನಾಚೆಯ ಮೀನುಗಾರರ ಕೇರಿ.
ಎರಡು, ಮೂರು.
ಹನ್ನೆರಡು ಮುಗಿಯಿತು. ಓದುತ್ತಲೇ ಹೋದೆ,
ನಿಲ್ಲಿಸುವುದು ಹೇಗೆಂದು ತಿಳಿಯದೆ.
ಈ ಊರು ಹದಿನಾರನೆಯದು.

ಯಾರೂ ಏಳಲಿಲ್ಲ.
ಫಾಲೆಸಿ ಬಟ್ಟೆಯ ತುದಿ ಬಿಗಿದು ಕಟ್ಟಿದಳು.
ಎನೆಲೆಸಿ ತಲೆದೂಗಿ, ಪಾತ್ರೆಗೆ ನೀರು ಸುರಿದು
ಕುದಿಯಲು ಒಲೆಗಿಟ್ಟಳು,
ಹಸಿ ಸೌದೆಗೆ ಊದತೊಡಗಿದಳು.

ಚಿಸೋಮೋ ನೆಲದ ಮೇಲೆ
ಹದಿನಾರು ಕಾಳು ಸಾಲಾಗಿ ಜೋಡಿಸಿ
ಕಾವಲು ಕೂತಿದ್ದಾಳೆ,
ಆ ಹುಡುಗ ಹತ್ತಿರ ಬಂದರೆ
ಕಾಲಿನಿಂದ ತಳ್ಳುತ್ತ.