ಕೀಲಿ ಹಾಕಿದ ಮನಿಯ ರೀಡಿಂಗ್

ನಸುಕಿನ ಬಸ್ಸಿಗೆ ಅಕ್ಕ ಹಾವೇರಿಗೆ ಹೋದ್ಲು
ಪರೀಕ್ಷೆ ಬರಿಯಾಕ.
ಎಚ್ಚರಾದಾಗ ನನ್ನ ಹಾಸಿಗ್ಯಾಗ ಐದು ವರ್ಷದ ವಿಹಾನ,
ಅವನ ಕಾಲು ನನ್ನ ಕುತ್ತಿಗಿ ಮ್ಯಾಲೆ.
ಅವ್ವನ ನಾಲಗಿಗೆ ಆ ಹೆಸರು ಹೊರಳೂದಿಲ್ಲ,
ಈವಣ್ಣಾ ಅಂತಾಳ.
ಅವಳ ಮೊಣಕಾಲಿಗೆ ಈವಣ್ಣನ ಹಿಂದ ಓಡೂದು ಆಗೂದಿಲ್ಲ.
ರಜಾ ಕೇಳಿದ್ರ ಹುಲಗೂರ ಸಾಹೇಬ್ರು,
"ತಿಂಗಳ ಮೊದಲ ವಾರ ನಿನ್ನ ಮದಿವಿ ಇದ್ರೂ
ಬಿಲ್ಲು ಕೊಟ್ಟು ಆಮ್ಯಾಲೆ ತಾಳಿ ಕಟ್ಟಬೇಕಪಾ" ಅಂದ್ರು.

ಹಿಂಗಾಗಿ ಇಬ್ಬರೂ ಹೊಂಟ್ವಿ.
ಬೆಟಗೇರಿಯ ಓಣಿ, ಮಗ್ಗದ ಸಪ್ಪಳ,
ನನ್ನ ಸೊಂಟಕ್ಕ ಬಿಲ್ಲಿನ ಮಿಷನ್ನು,
ಅವನ ಸೊಂಟದಾಗ ಜಾರೋ ಚಡ್ಡಿ.
ಪ್ರತಿ ಕಟ್ಟಿಗೂ ಒಂದಽ ಪ್ರಶ್ನೆ:
"ಇವತ್ತರ ನೀರು ಬಿಡ್ತಾರೇನೋ ತಮ್ಮಾ?"
ನಂದು ಕರೆಂಟು ಯವ್ವಾ.
"ಎರಡೂ ಹೋಗೂದಽ ಹೆಚ್ಚು, ತಗೋ."
ಅವನ ಕೈಯಾಗ ಒಬ್ಬಾಕಿ ಅಂಟಿನುಂಡಿ ಇಟ್ಟಳು,
ನನ್ನ ಕೈಯಾಗ ಹೋದ ತಿಂಗಳ ತಕರಾರು.

ನಲವತ್ತು ಮನಿ ಆಗೂದ್ರಾಗ ಅಂವ ಕೆಲಸ ಕಲ್ತ.
ನಾ ಬಾಗಿಲು ಬಡಿಯೂದು,
ಅಂವ "ಮೀಟರ್ರೀ" ಅಂತ ಒದರೂದು.
ಕೆಟ್ಟು ಬಂದ ಚೀಟಿ ಎಲ್ಲಾ ಅವನ ಕಿಸೆದಾಗ.

ಪಟ್ಟೇಗಾರ ಓಣಿ ಮೂಲ್ಯಾಗ ಒಂದು ಹಸರ ಮನಿ.
ನಾಕು ತಿಂಗಳಾತು, ಕೀಲಿ.
ಮೀಟರು ಒಳಗ, ಕಬ್ಬಿಣದ ಜಾಳಗಿ ಆಚೆ.
ನಾ ಮಿಷನ್ನಿನ್ಯಾಗ ಕೀಲಿ ಅಂತ ಒತ್ತೂದ್ರಾಗ
ಅಂವ ಸರಳಿನ ಸಂದ್ಯಾಗ ತಲಿ ತೂರಿಸಿ,
ಹೆಗಲು ತೂರಿಸಿ, ಇಡೀ ಅಂವಽ ಒಳಗ ಹೋಗಿ ನಿಂತ.
ನನ್ನ ಎದಿ ಧಸಕ್ಕಂತು.
ಅಂವ ಕತ್ತು ಎತ್ತಿ ಓದಾಕ ಹತ್ತಿದ್ದ:
"ಎರಡು. ಸೊನ್ನಿ. ಏಳು. ಏಳು. ತಿರುಗಿಸಿದ ಆರು."
ಒಂಬತ್ತೋ?
"ಹೂಂ, ಅದಽ.
ಮಾಮಾ, ಕೆಂಪು ದೀಪ ಕಣ್ಣು ಹೊಡ್ಯಾಕತ್ತೈತಿ.
ಒಳಗ ಯಾರೋ ಅದಾರ."
ಯಾರೂ ಇಲ್ಲೋ, ಫ್ರಿಜ್ ಹಚ್ಚೇ ಹೋಗ್ಯಾರ.
ಹೊರಗ ಬರುವಾಗ ಕಿವಿ ಸಿಕ್ಕೊಂಡು ಅತ್ತ.

ಮೂರಕ್ಕ ಮನಿ. ರೊಟ್ಟಿ, ಪುಂಡಿಪಲ್ಯ,
ಅವಂಗ ಹಾಲನ್ನ, ಮ್ಯಾಲೆ ಸಕ್ಕರಿ.
ಟೀವಿಯಾಗ ಅವ್ವನ ಕಪ್ಪುಬಿಳುಪಿನ ಹೊತ್ತು.

ನಮ್ಮಪ್ಪ ಟಾಕೀಸಿನ್ಯಾಗ ಶೇಂಗಾ ಮಾರ್ತಿದ್ದ.
ಇಂಟರ್ವಲ್ ಗಂಟಿಗೆ ಒಳಗ ಹೋಗಿ,
ಬುಟ್ಟಿ ಹಗುರಾದಮ್ಯಾಲೆ ಕಂಬಕ್ಕ ಆತು ನಿಂತು
ಉಳಿದದ್ದು ನೋಡಾಂವ.
ಇಪ್ಪತ್ತಾರು ವರ್ಷ, ಎಲ್ಲಾ ಸಿನಿಮಾದ ಕಡೀ ಅರ್ಧ.
ರಾತ್ರಿ ನಮಗ ಕಥಿ ಹೇಳಿದ್ರ ಕೋರ್ಟಿನಿಂದಽ ಶುರು,
ಇಲ್ಲಾ ಮಳ್ಯಾಗ ಓಡೋ ಕುದರಿಯಿಂದ.
ಅವಂಗ್ಯಾಕಪಾ ಅಷ್ಟು ಸಿಟ್ಟು? ಅಂತ ಕೇಳಿದ್ರ
"ಅದು ನಾ ಹೋಗೂದ್ರಾಗ ಆಗಿಬಿಟ್ಟಿತ್ತು" ಅಂತಿದ್ದ.

ಇಂದಿನ ಸಿನಿಮಾಕ್ಕ ಒಬ್ಬ ಟಾಂಗಾದಾಂವ,
ಅವನ ಕುಂಟ ಕುದರಿ, ಒಬ್ಬ ಸಾವಕಾರ.
ವಿಹಾನ ಅರ್ಧ ನೋಡಿ ನನ್ನ ತೊಡಿಮ್ಯಾಲೆ ಮಲಗಿದ,
ಬಾಯಿ ತಕ್ಕೊಂಡು, ಗಲ್ಲದಾಗ ಒಂದು ಅಗುಳು.
"ಅಜ್ಜ ಮೊಮ್ಮಗ ಕೂಡಿದ್ರ ಒಂದು ಆಟ ಪೂರಾ ಆಕ್ಕಿತ್ತು"
ಅಂತ ಅವ್ವ ಶೇಂಗಾ ಸಿಪ್ಪಿ ಝಾಡಿಸಿದಳು.

ಎರಡನೇ ಅರ್ಧ ನಂಗ ಗೊತ್ತಿತ್ತು.
ಟಾಂಗಾದಾಂವ ಜೇಲಿನಿಂದ ಬರ್ತಾನ,
ರಾತ್ರಿ ಕುದರಿ ದನಿ ಗುರತ ಹಿಡೀತಾನ,
ಎಲ್ಲಾ ಅಪ್ಪ ಹೇಳಿದಂಗ, ಮಾತಿಗೆ ಮಾತು.
ಕಡೀಕ ಮಾತ್ರ
ಆ ಮನಶ್ಯಾ ಸೇತುವಿ ಮ್ಯಾಲೆ ಸತ್ತಬಿಟ್ಟ.

ಅಪ್ಪ ಹೇಳಿದ್ರಾಗ ಅಂವ ಬದುಕಿದ್ದ.
ಕುದರಿಗೆ ಹುಲ್ಲು ಹಾಕಿ, ಕೈ ತೊಳಕೊಂಡು
ಉಣ್ಣಾಕ ಕುಂತಿದ್ದ. ನನಗ ಪಕ್ಕಾ ನೆನಪೈತಿ,
ಏನು ಉಂಡ ಅನ್ನೂದೂ ನೆನಪೈತಿ: ಜುಣಕದೊಡಿ.
ಅವ್ವ ಟೀವಿ ಕಡೆಯಿಂದ ಮುಖ ತಿರುವಲಿಲ್ಲ.
"ಸಾಯೂದು ಬಂದ್ರ ನೀ ನಿದ್ದಿ ಮಾಡ್ತಿರಲಿಲ್ಲ" ಅಂದಳು.

ಜಾಹೀರಾತಿನ ಗದ್ದಲಕ್ಕ ವಿಹಾನ ಎದ್ದು ಕುಂತ.
ಗಲ್ಲದ ಮ್ಯಾಲೆ ನನ್ನ ಪ್ಯಾಂಟಿನ ಗೆರಿ.
"ಟಾಂಗಾದಾಂವ ಏನಾದ, ಮಾಮಾ?"

ಮನಿಗೆ ಹೋದ.

ಅಂವ ಸ್ವಲ್ಪ ಹೊತ್ತು ವಿಚಾರ ಮಾಡಿದ,
ಕಿಸೆದಾಗಿನ ಚೀಟಿ ಮುಟ್ಟಿ ನೋಡಿಕೊಂಡ.

"ಕೀಲಿ ಇತ್ತೇನು?"