ಅರ್ಧ ನಿಮಿಷ

ಕೋಡಿಬಾಗದ ರಸ್ತೆಗೆ ಮುಖಮಾಡಿ ನನ್ನ ಅಂಗಡಿ.
ಎರಡು ಕುರ್ಚಿ, ಮೂರು ಕನ್ನಡಿ,
ಹಿಂದಿನ ಮೂಲೆಯಲ್ಲಿ ಎತ್ತರಕ್ಕೊಂದು ಟೀವಿ.
ಗಿರಾಕಿ ಅದನ್ನು ನೋಡುವುದು ಕನ್ನಡಿಯಲ್ಲೇ,
ಹೀಗಾಗಿ ನಮ್ಮಲ್ಲಿ ಬಲಗೈ ಬೌಲರುಗಳೆಲ್ಲ ಎಡಚರು.
ಸ್ಕೋರು ಓದಲು ಮಾತ್ರ ಕತ್ತು ಹೊರಳಿಸಬೇಕು,
ಹೊರಳಿಸಿದರೆ ನಾನು ಬೈಯುತ್ತೇನೆ.

ಕೇಬಲ್ಲು ದತ್ತಾ ಕೊಠಾರಕರನದು.
ಹತ್ತೊಂಬತ್ತು ವರ್ಷದ ಹಿಂದೆ ಬಾದಾಮಿ ಮರಕ್ಕೆ ಏಣಿಯಿಟ್ಟು
ತಾನೇ ಎಳೆದ ಕರಿ ವಯರು.
ಆಚೆ ತುದಿಯಲ್ಲಿ ಯಾವ ಡಿಶ್ಶೋ, ಯಾವ ಆಕಾಶವೋ,
ಈಚೆ ತುದಿಯಲ್ಲಿ ನನ್ನ ಟವೆಲ್ಲು ಒಣಗುತ್ತವೆ.
ತಿಂಗಳ ದುಡ್ಡು ಅವನು ಕೇಳಿದ್ದಿಲ್ಲ, ನಾನು ಕೊಟ್ಟದ್ದಿಲ್ಲ.
ವಾರಕ್ಕೆರಡು ದಾಡಿ, ತಿಂಗಳಿಗೊಂದು ಕಟಿಂಗು,
ಚೌತಿಯ ಮುನ್ನಾದಿನ ತಲೆಗೆ ಕಪ್ಪು,
ಲೆಕ್ಕ ಚುಕ್ತಾ.

ಜೂನಿನಲ್ಲಿ ಬೋಟು ಕಟ್ಟಿಹಾಕಿದ ಮೇಲೆ
ಬೈತಖೋಲದ ಹುಡುಗರಿಗೆ ನನ್ನ ಬೆಂಚೇ ಬಂದರು.
ಒಬ್ಬನಿಗೆ ಕಬಡ್ಡಿ, ಒಬ್ಬನಿಗೆ ಮರಾಠಿ ಕಾಮಿಡಿ,
ಬಾನಾವಳಿ ಮಾಸ್ತರರಿಗೆ ನ್ಯೂಸು, ಅದೂ ಸೌಂಡಿಲ್ಲದೆ.
ಆಗಲೇ ಮ್ಯಾಚಿನ ಚಾನೆಲ್ಲು ನಮ್ಮ ಪ್ಯಾಕಿನಿಂದ ಹಾರಿಹೋಗಿ
ನೀಲಿ ಪರದೆಯ ಮೇಲೆ ಒಂದೇ ಸಾಲು:
ನಿಮ್ಮ ಆಪರೇಟರನ್ನು ಸಂಪರ್ಕಿಸಿ.
ಆಪರೇಟರು ನನ್ನೆದುರೇ ಕೂತಿದ್ದ, ಗಲ್ಲದ ತುಂಬ ನೊರೆ.

ತಂಗಿಯ ಮಗ ರೋಶನ್ ಫೋನಿನಲ್ಲಿ ಪಟ್ಟಿ ಮಾಡಿಕೊಟ್ಟ.
ಒಂದರಲ್ಲಿ ಮ್ಯಾಚಿದೆ, ಕನ್ನಡ ನ್ಯೂಸಿಲ್ಲ.
ಇನ್ನೊಂದರಲ್ಲಿ ನಾನ್ನೂರು ಚಾನೆಲ್ಲು, ಗೋವಾದ್ದೊಂದು ಬಿಟ್ಟು.
ಮತ್ತೊಂದು ಮೊದಲ ತಿಂಗಳು ಪುಕ್ಕಟೆ,
ಎರಡನೆಯ ತಿಂಗಳ ಮಾತು ಬಂದಲ್ಲಿ
ಅಕ್ಷರ ಇರುವೆಯಷ್ಟಾಗಿದೆ.
ಬಂಗಡೆಯಾದರೆ ಕಿವಿರು ಬಿಡಿಸಿ ನೋಡಿ ಕೊಳ್ಳುವವನು ನಾನು.
ಇದರ ಕಿವಿರು ಎಲ್ಲಿ?

ಹೇಳಬೇಕಿತ್ತು. ಹೇಳಿದೆ,
ಕತ್ತಿ ಅವನ ಗಂಟಲ ಮೇಲಿರುವಾಗಲೇ:
‘ದತ್ತಾ, ಕೇಬಲ್ ತೆಗೀಬೇಕು ಅಂತ.’
ಆ ಹೊತ್ತನ್ನು ಬೇಕೆಂದೇ ಆರಿಸಿದ್ದಲ್ಲ. ಆದರೂ
ಆಗ ಯಾರೂ ತಲೆಯಾಡಿಸುವಂತಿಲ್ಲ,
ಉಗುಳು ನುಂಗುವಂತಿಲ್ಲ.
ಎದ್ದು ಮುಖ ಒರೆಸಿಕೊಳ್ಳುತ್ತ ಅಂದ:
‘ವಯರು ಇರ್ಲಿ ಬಿಡು. ನಿನ್ನ ಟವೆಲ್ಲಿಗೆ ಬೇಕಲ್ಲ.’

ಹೊಸದು ಬಂತು.
ಚಿತ್ರ ಎಷ್ಟು ಸ್ವಚ್ಛವೆಂದರೆ ಮೈದಾನದ ಹುಲ್ಲು ಎಣಿಸಬಹುದು.
ಆದರೆ ಎದುರಿನ ನಾಗೇಶನ ಚಾ ಅಂಗಡಿಯಲ್ಲಿ
(ಅವನು ದತ್ತಾನ ಹತ್ತಿರವೇ ದೊಡ್ಡ ಪ್ಯಾಕು ಹಾಕಿಸಿಕೊಂಡ)
ಹೋಯ್ ಎಂದು ಕೂಗೆದ್ದಾಗ
ನಮ್ಮ ಬೌಲರು ಇನ್ನೂ ಚೆಂಡನ್ನು ಚಡ್ಡಿಗೆ ತಿಕ್ಕುತ್ತಿರುತ್ತಾನೆ.
ಅರ್ಧ ನಿಮಿಷ.
ಲೈವ್ ಅಂದರೆ ಅಷ್ಟೇ ಮಾವ, ಅಂತಾನೆ ರೋಶನ್.
ಅವನಿಗೇನು, ಅವನ ಕೈಯಲ್ಲಿ ಕತ್ತಿಯಿಲ್ಲ.
ಮೊದಲು ಕೂಗೂ ಚಿತ್ರವೂ ಒಟ್ಟಿಗೆ ಬರುತ್ತಿದ್ದವು,
ಗಿರಾಕಿ ಬೆಚ್ಚುವುದು ಒಮ್ಮೆ, ನಾನು ಕೈ ಎತ್ತುವುದು ಒಮ್ಮೆ.
ಈಗ ರಸ್ತೆಗೊಮ್ಮೆ, ಟೀವಿಗೊಮ್ಮೆ.
ನಡುವೆ, ಏನೋ ಆಗಿಹೋಗಿದೆ ಎಂದಷ್ಟೇ ಗೊತ್ತಿದ್ದು
ಏನೆಂದು ಗೊತ್ತಿಲ್ಲದೆ
ಇಡೀ ಅಂಗಡಿ ಉಸಿರು ಹಿಡಿದಿರುತ್ತದೆ,
ಕತ್ತಿ ಗಾಳಿಯಲ್ಲಿ.
ಉಲ್ಟಾ ಆಕಾಶ ಇದು, ಅಂತ ನಗುತ್ತಾನೆ ಬೋಟಿನ ಜಯವಂತ,
ಮೊದಲು ಗುಡುಗು, ಆಮೇಲೆ ಮಿಂಚು.

ದತ್ತಾ ಒಂದು ವಾರ ಬರಲಿಲ್ಲ, ಎರಡು ವಾರ.
ಮೂರನೆಯ ಭಾನುವಾರ ಬಂದ, ಗಡ್ಡ ಬೆಳ್ಳಗೆ.
ನೊರೆ ಹಚ್ಚಿದೆ. ಎದುರು ಕೂಗೆದ್ದಿತು. ಕತ್ತಿ ಎತ್ತಿದೆ.
ಕಣ್ಣು ತೆರೆಯದೆ ‘ಕ್ಯಾಚು’ ಅಂದ.
ತನ್ನ ವಯರಿನ ತುದಿಯ ಕೂಗು ಅವನಿಗೆ ಗೊತ್ತು.
ಕಾದೆವು.
ಕನ್ನಡಿಯೊಳಗೆ ಚೆಂಡು ಮೇಲೆದ್ದಿತು,
ಎಡಚನೊಬ್ಬ ಹಿಂದೆ ಹಿಂದೆ ಓಡಿ ಹಿಡಿದ.

ದಾಡಿ ಮುಗಿಯಿತು. ಪಟಿಕದ ಕಲ್ಲು ಉಜ್ಜಿದೆ.
ಅವನು ಎದ್ದು ಜೇಬಿಗೆ ಕೈಹಾಕಿ
‘ಎಷ್ಟಾಯ್ತು?’ ಅಂದ.

ಗೋಡೆಗೆ ರೇಟಿನ ಬೋರ್ಡಿದೆ, ನಾನೇ ಬರೆಸಿದ್ದು.
ಅವನು ನೋಡಿದ.
ನಾನೂ ತಿರುಗಿ ನೋಡಿದೆ.