ಕಲ್ಲೆಸೆತದ ದೂರ

ವೇರ್‌ಡೇಲ್ ಕಣಿವೆಯಲ್ಲಿ ಯಾರನ್ನೂ ದಾರಿ ಕೇಳಬೇಡಿ.
"ಇಲ್ಲೇ, ಮೂಲೆ ತಿರುಗಿದರೆ" ಅಂದರೆ ಎರಡು ಮೈಲಿ.
"ಒಂದು ಕುಂಟು, ಒಂದು ನೆಗೆತ, ಒಂದು ಹಾರು" ಅಂದರೆ
ಒಂದು ಗುಡ್ಡ, ಮೂರು ಗೇಟು, ಸಿಟ್ಟಿನ ಒಂದು ಟಗರು.
ಉಗುಳಿದರೆ ಬೀಳುವಷ್ಟು ದೂರ ಎಂದವರ ಮನೆಗೆ
ನಡೆದು ನಡೆದು ನನ್ನ ಬಾಯೇ ಒಣಗಿದ್ದಿದೆ.
"ಕಾಗೆ ಹಾರಿದ ಹಾಗೆ ಅರ್ಧ ಮೈಲಿ, ಅಷ್ಟೇ."
ಕಾಗೆಯ ಹೆಗಲಿಗೆ ಟಪಾಲು ಚೀಲ ಇಲ್ಲವಲ್ಲ!

ಹತ್ತೊಂಬತ್ತು ವರ್ಷದಿಂದ ಈ ಕೆಂಪು ವ್ಯಾನು ನನ್ನದು.

ಹೆಡ್ಲಿ ರೇನ್ ಹೊಳೆಯ ಈಚೆ ದಂಡೆ,
ತಂಗಿ ಎನಿಡ್ ಆಚೆ.
ನಡುವೆ ಕಲ್ಲೆಸೆತದ ದೂರ, ಊರವರ ಲೆಕ್ಕದಲ್ಲಿ.
ಅವಳು ಒಣಹಾಕಿದ ಅಂಗಿಯ ಬಣ್ಣ ಅವನಿಗೆ ಕಾಣುತ್ತದೆ,
ಅವನು ಕೆಮ್ಮಿದ್ದು, ಗಾಳಿ ಸರಿಯಿದ್ದರೆ, ಅವಳಿಗೆ ಕೇಳುತ್ತದೆ.
ಕಾಲುಸೇತುವೆ ಒಂದು ನೆರೆಯಲ್ಲಿ ಹೋಯಿತು.
ಮಾತು ಅದಕ್ಕೂ ಮೊದಲೇ ಹೋಗಿತ್ತು,
ಅಮ್ಮನ ಗಡಿಯಾರಕ್ಕೋ, ಕುರಿಗಳ ಪಾಲಿಗೋ,
ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ.

ಕ್ರಿಸ್‌ಮಸ್ಸಿಗೆ ಮಾತ್ರ ಒಂದು ಕಾರ್ಡು.
ಅದು ನನ್ನ ಚೀಲ ಸೇರಿ, ಬೆಟ್ಟ ಇಳಿದು,
ದೊಡ್ಡ ಊರಿನ ವಿಂಗಡಣೆ ಕೋಣೆಯಲ್ಲಿ
ಯಂತ್ರದ ಬಾಯಿಂದ ಬಾಯಿಗೆ ಬಿದ್ದು,
ರಾತ್ರಿ ಲಾರಿಯಲ್ಲಿ ತೂಕಡಿಸಿ, ಎಪ್ಪತ್ತು ಮೈಲಿ ಸುತ್ತಿ
ಮೂರನೆಯ ದಿನ ಎದುರು ಮನೆಯ ಬಾಗಿಲ ಸೀಳಿನೊಳಗೆ.
ಒಳಗೇನು ಬರೆದಿರುತ್ತಾನೋ ನನಗೆ ಗೊತ್ತಿಲ್ಲ.
ಗೊತ್ತು. ಒಮ್ಮೆ ಲಕೋಟೆ ನೆನೆದಿತ್ತು.
ಬರೀ ಹೆಸರು.

ಹೆಡ್ಲಿ ಕಲ್ಲುಗೋಡೆ ಕಟ್ಟುವವನು.
ಗಾರೆಯಿಲ್ಲ, ಮಣ್ಣಿಲ್ಲ,
ಕಲ್ಲಿನ ಮೇಲೆ ಕಲ್ಲು ಕೂತು ತನ್ನ ಭಾರಕ್ಕೆ ತಾನೇ ನಿಲ್ಲುವ ಗೋಡೆ.
"ನಡುನಡುವೆ ಗಾಳಿ ಹಾಯಲು ಸಂದು ಬಿಡಬೇಕು," ಅನ್ನುತ್ತಿದ್ದ,
"ತೀರಾ ಬಿಗಿದರೆ ಬಿರುಗಾಳಿಗೆ ಮಲಗಿಬಿಡುತ್ತೆ."
ಎಷ್ಟು ಸಂದು ಅಂತ ಕೇಳಿದ್ದೆ.
ಉತ್ತರ ಹೇಳದೆ ಹೊಳೆಯ ಕಡೆ ತಿರುಗಿದ್ದ.

ಈ ಮಾರ್ಚಿನ ಒಂದು ಬೆಳಿಗ್ಗೆ ದಂಡೆಯಲ್ಲಿ ನಿಂತಿದ್ದ.
ಎಪ್ಪತ್ತೆಂಟರ ಭುಜ, ಕೈಯಲ್ಲಿ ಚಪ್ಪಟೆ ಕಲ್ಲು.
"ಹುಡುಗನಾಗಿದ್ದಾಗ ಇಲ್ಲಿಂದಲೇ ಬೀಸಿ
ಆಚೆ ಕೊಟ್ಟಿಗೆಯ ತಗಡು ಬಾರಿಸುತ್ತಿದ್ದೆ.
ಅವಳು ಹೊರಗೋಡಿ ಬಂದು ಬೈಯುತ್ತಿದ್ದಳು."
ಬೀಸಿದ.
ಕಲ್ಲು ಹೊಳೆಯ ನಡುವನ್ನೂ ಮುಟ್ಟಲಿಲ್ಲ.

ಮನೆ ಕದಲಿರಲಿಲ್ಲ. ಹೊಳೆ ಹಿಗ್ಗಿರಲಿಲ್ಲ.
ದೂರ ಬೆಳೆದದ್ದು ತೋಳಿನಲ್ಲಿ.
ನಾನು ಏನೂ ಅನ್ನಲಿಲ್ಲ, ಕರೆಂಟು ಬಿಲ್ಲು ಕೊಟ್ಟೆ.

ಸೇತುವೆ ಸುತ್ತಿ ನಾಲ್ಕು ಮೈಲಿ.
ಎನಿಡ್ ಗೇಟಿನಲ್ಲೇ ಇದ್ದಳು, ಕೈಯೆಲ್ಲ ಹಿಟ್ಟು.
"ಏನೆಸೆದ?"
"ಕಲ್ಲು."
"ಎಲ್ಲಿವರೆಗೆ ಬಂತು?"
ಸುಳ್ಳು ಹೇಳಬಹುದಿತ್ತು,
ಕೂದಲೆಳೆಯಲ್ಲಿ ತಪ್ಪಿತು ಅನ್ನಬಹುದಿತ್ತು.
"ಅರ್ಧಕ್ಕೂ ಕಡಿಮೆ," ಎಂದೆ.

ತುಂಬ ಹೊತ್ತು ಹೊಳೆಯನ್ನೇ ನೋಡಿದಳು.
ಒಳಗೆ ಹೋಗಿ ಕೋಟು ತೊಟ್ಟು ಬಂದಳು,
ಹಿಟ್ಟಿನ ಕೈ ತೊಳೆಯದೆ,
ಒಂದು ಜೇಬು ಏನೋ ಭಾರಕ್ಕೆ ಜೋತಿತ್ತು.
"ಉಳಿದದ್ದು ನಿನ್ನ ವ್ಯಾನಿನಲ್ಲಿ ಹಿಡಿಸುತ್ತಾ?"

ಮನುಷ್ಯರನ್ನು ಕೂರಿಸುವ ಹಾಗಿಲ್ಲ, ಇಲಾಖೆಯ ನಿಯಮ.
ಪಾರ್ಸೆಲ್ಲುಗಳನ್ನು ಹಿಂದಕ್ಕೆ ಸರಿಸಿದೆ.